ಹಸಿ ಮಣ್ಣಿನ ಚೀಲ

ದಿಲ್ಲಿಯ ಸ್ಮಾರಕಕ್ಕೆ ಗಂಡನ ಕಂಚಿನ ಮೂರ್ತಿ ಎರೆಯಲು ಬೇಕಾದ ಒಪ್ಪಿಗೆ ಪತ್ರದ ಮೇಲೆ ಯಮನಮ್ಮ ಪೆನ್ನು ಊರಿದ್ದಳು. ಎದುರಿಗೆ, ರಾಯಚೂರಿನ ಶಿಲ್ಪಿಯ ಶೆಡ್ಡಿನಲ್ಲಿ, ತೀರಿಹೋದ ಗಂಡ ತಾಯಣ್ಣ ಹಸಿ ಮಣ್ಣಾಗಿ ನಿಂತಿದ್ದ. ಬೆನ್ನ ಮೇಲೆ ನೂರು ಕಿಲೋದ ಭತ್ತದ ಚೀಲ, ಮೊಣಕಾಲು ಕುಸಿದಿತ್ತು. ಇಂಥದ್ದೇ ಚೀಲದಡಿ ಅವನ ತಮ್ಮ ಸತ್ತ ದಿನವೂ ಮೊದಲು ಮೊಣಕಾಲೇ ಕುಸಿದದ್ದು. ಆಮೇಲೆ ಹನ್ನೊಂದು ವರ್ಷ ಬಡಿದಾಡಿ ತಾಯಣ್ಣ ಮಾನ್ವಿಯ ಹಮಾಲರು ಹೊರುವ ಚೀಲವನ್ನು ಐವತ್ತು ಕಿಲೋಗೆ ಇಳಿಸಿದ್ದ.

“ಚೀಲ ಸಣ್ಣದು ಮಾಡ್ರಿ,” ಎಂದಳು.

“ದಿಲ್ಲಿ ಸ್ಮಾರಕದಾಗ ಸಣ್ಣ ಚೀಲ ಎದ್ದು ಕಾಣಂಗಿಲ್ಲ ಯವ್ವಾ,” ಎಂದ ಶಿಲ್ಪಿ. ಪತ್ರ ತಂದಿದ್ದ ಸ್ಮಾರಕ ಸಮಿತಿಯ ಸಾಹೇಬರು ಗಡಿಯಾರ ನೋಡಿದರು. “ಇವತ್ತ ರುಜು ಬೀಳಲಿಲ್ಲಂದ್ರ ಕಾರ್ಮಿಕ ನಾಯಕರ ಪಟ್ಟಿಯಿಂದ ಹೆಸರೇ ಹೋಗ್ತದ ನೋಡ್ರಿ.”

ಅವಳು ಪತ್ರದತ್ತ ನೋಡಿದಳು. ಹೆಸರು ಹೋದರೆ? ಆದರೆ ರುಜು ಹಾಕಿದರೆ ಈ ಭಾರ ಕಂಚಾಗಿ ಅವನ ಬೆನ್ನ ಮೇಲೆಯೇ ಉಳಿಯುತ್ತದೆ. ಪೆನ್ನು ಕೆಳಗಿಟ್ಟಳು. ಎರಡೂ ಅಂಗೈಗಳನ್ನು ಹಸಿ ಚೀಲದ ಅಡಿಗೆ ಕೊಟ್ಟು ಸಾಹೇಬರತ್ತ ತಿರುಗಿದಳು.

“ಆ ಕಡಿಗೆ ನೀವೊಂದು ಕೈ ಹಚ್ರಿ ಯಪ್ಪಾ. ನೂರು ಕಿಲೋ ಚೀಲ ಒಬ್ಬರಿಂದ ಇಳಿಸಾಕ ಆಗಂಗಿಲ್ಲ.”