ಬಸ್ಸಿಗೆ ದಾರಿ ಬಿಟ್ಟ ಹುಡುಗಿಯರು

ಬೆಳಗ್ಗೆ ಒಂಬತ್ತೂವರೆ... ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ.

ಸರ್ಕಲ್ಲಿನಲ್ಲಿ ಅರವತ್ತು ಹುಡುಗಿಯರು ರಸ್ತೆಗೆ ಅಡ್ಡಲಾಗಿ ಕೂತಿದ್ದರು.

ಅವರ ಸರ್ಕಾರಿ ಮಹಿಳಾ ಕಾಲೇಜನ್ನು ಮುಚ್ಚಿ, ಇಪ್ಪತ್ತೆರಡು ಕಿಲೋಮೀಟರ್ ದೂರದ ಕಾಲೇಜಿಗೆ ಸೇರಿಸುವ ಆದೇಶ ಬಂದಿತ್ತು. ಅಷ್ಟು ದೂರ ಮನೆಯವರು ಕಳಿಸುವುದಿಲ್ಲ... ಓದು ಅಲ್ಲಿಗೇ ಮುಗಿದಂತೆ.

"ಡಿ.ಸಿ. ಸಾಹೇಬ್ರು ಬರೂತನಕ ಏಳಂಗಿಲ್ಲ!" ಎಂದು ಕೂಗಿ ಕೂಗಿ ಮುಂದಾಳು ಶಿವಗಂಗಾಳ ಗಂಟಲು ಕಟ್ಟಿತ್ತು.

"ಒಮ್ಮೆ ಎದ್ರಿ ಅಂದ್ರ ಮತ್ತ ಕೂಡಾಕ ಬಿಡಂಗಿಲ್ಲ, ತಿಳಕೋ" ಎಂದು ಇನ್ಸ್‌ಪೆಕ್ಟರ್ ಮೊದಲೇ ಹೇಳಿದ್ದರು.

ಅಷ್ಟರಲ್ಲಿ ನಿಂತಿದ್ದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ಓಡಿಬಂದಳು.

"ಯವ್ವಾ, ಬಸ್ಸಿನಾಗ ಹನ್ನೊಂದು ಹುಡುಗ್ರು ಅದಾರ... ಹತ್ತಕ್ಕ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ! ನನ್ನ ಮಗಳು ಒಮ್ಮೆ ಫೇಲಾಗ್ಯಾಳ. ಈ ಸಲಾನೂ ತಪ್ಪಿದ್ರ ಅವರಪ್ಪ ಮದಿವಿ ಮಾಡಿಬಿಡ್ತಾನ!"

ಪರೀಕ್ಷಾ ಕೇಂದ್ರ ಇನ್ನೂ ಐದು ಕಿಲೋಮೀಟರ್...

ಗೆಳತಿ ರಝಿಯಾ ಶಿವಗಂಗಾಳ ಕೈ ಗಟ್ಟಿಯಾಗಿ ಹಿಡಿದಳು. "ಎದ್ರ ಎಲ್ಲಾ ಮುಗೀತು. ನಮ್ಮ ಕಾಲೇಜಿಗೆ ಕೀಲಿ ಬೀಳ್ತದ!"

ಬಸ್ಸಿನ ಕಿಟಕಿಯಲ್ಲಿ ಒಬ್ಬ ಹುಡುಗಿ ಹಾಲ್ ಟಿಕೆಟ್ ಎದೆಗವುಚಿಕೊಂಡು ಬಿಕ್ಕುತ್ತಿದ್ದಳು.

ಒಂಬತ್ತು ನಲವತ್ತು... ನಲವತ್ತೊಂದು...

"ನಾವು ಕುಂತಿದ್ದ ಓದಿನ ಸಲುವಾಗಿ, ರಝಿಯಾ. ಇವರ ಓದಿಗೆ ನಾವ ಅಡ್ಡಾದ್ರ ಹೆಂಗ?"

ಶಿವಗಂಗಾ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಬಸ್ಸು ಹೋಯಿತು... ಅದರ ಹಿಂದೆಯೇ ಲಾರಿ, ಕಾರುಗಳ ಸಾಲು. ಪೊಲೀಸರು ಹುಡುಗಿಯರನ್ನು ಫುಟ್‌ಪಾತಿಗೆ ದಬ್ಬಿದರು.

"ಎಲ್ಲಾ ನಿನ್ನಿಂದನ ಹಾಳಾತು!" ಎಂದು ಬೈದು ಹಲವರು ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಉಳಿದವರು ಹತ್ತೊಂಬತ್ತು ಜನ.

ಶಿವಗಂಗಾ ಮೊಣಕಾಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ತಪ್ಪು ಮಾಡಿಬಿಟ್ಟೆನಾ?

ಎರಡು ಗಂಟೆಗೆ ಯಾರೋ ಅವಳ ತಲೆ ನೇವರಿಸಿದರು. ಅದೇ ಹೆಂಗಸು... ಪಕ್ಕದಲ್ಲಿ ಮಗಳು.

"ಎರಡ ನಿಮಿಷ ಉಳಿದಿತ್ತು, ಮುಟ್ಟಿದ್ವಿ ಯವ್ವಾ. ಬರದು ಬಂದಾಳ."

ಆಮೇಲೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರ ನಡುವೆ ಕೂತೇಬಿಟ್ಟಳು!

"ಇಕಿ ಪಾಸಾದ್ರ ಮುಂದ ಓದಾಕ ಇದ ಕಾಲೇಜಿಗೆ ಬರಬೇಕಲ್ಲ? ಇದು ಮುಚ್ಚಿದ್ರ ಎಲ್ಲಿ ಕಳಸ್ಲಿ?"

ಉಳಿದ ಹತ್ತು ಮಕ್ಕಳ ಮನೆಗೂ ಫೋನ್ ಹೋಯಿತು, ಅಲ್ಲಿಂದ ಸುದ್ದಿ ಓಣಿ ಓಣಿಗೂ ಹರಡಿತು. ಸಂಜೆ ಐದಕ್ಕೆ ಅಲ್ಲಿ ಮುನ್ನೂರು ತಾಯಂದಿರು... ಈ ಸಲ ಇನ್ಸ್‌ಪೆಕ್ಟರ್ ಯಾರನ್ನೂ ಏಳಿಸಲಿಲ್ಲ.

ಡಿ.ಸಿ. ಬಂದರು. ಆದೇಶ ರದ್ದಾಗಲಿಲ್ಲ, ಒಂದು ವರ್ಷದ ಮಟ್ಟಿಗೆ ತಡೆ ಸಿಕ್ಕಿತು. ರಝಿಯಾ ಶಿವಗಂಗಾಳನ್ನು ತಬ್ಬಿಕೊಂಡಳು.

*ನಮ್ಮ ಹಕ್ಕಿಗಾಗಿ ಕೂಗುವಾಗಲೂ ಇನ್ನೊಬ್ಬರ ಅಳು ಕೇಳಿಸಿಕೊಂಡರೆ, ನಮ್ಮ ಕೂಗು ಇಡೀ ಊರಿನ ಕೂಗಾಗುತ್ತದೆ.*

ಆ ಹೊತ್ತಿನಲ್ಲಿ ನೀವು ಅಲ್ಲಿ ಕೂತಿದ್ದರೆ... ಎದ್ದು ದಾರಿ ಬಿಡುತ್ತಿದ್ದಿರಾ?