ಎರಡೇ ಎರಡು ಬಿಸ್ಕತ್ತು

"ರಾತ್ರಿಯಿಂದ ಏನೂ ತಿಂದಿಲ್ಲ ತಾನೇ?" ಸಂತಾನಹರಣದ ಆಪರೇಷನ್ನಿಗೆಂದು ಮೇಜಿನ ಮೇಲೆ ನಿಲ್ಲಿಸಿದ್ದ ನಾಯಿಯ ಬಾಯಿ ಬಿಡಿಸುತ್ತ ಡಾಕ್ಟರು ಕೇಳಿದರು. ಹಲ್ಲಿನ ಸಂದಿಯಲ್ಲಿ ಬಿಸ್ಕತ್ತಿನ ಚೂರು ಅಂಟಿಕೊಂಡಿತ್ತು.

ಹೆಂಡತಿ ಗಂಡನತ್ತ ತಿರುಗಿದಳು. ಅವನು ನಾಯಿಯ ಚೈನನ್ನು ಮುಷ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡ. "ಎರಡೇ ಎರಡು ಹಾಕ್ದೆ. ಮೂಕಪ್ರಾಣಿ, ಹಸ್ಕೊಂಡಿದ್ರೆ ನೋಡಕ್ಕಾಗಲ್ಲ. ಅದನ್ನ ಒಂದು ಮಾತು ಕೇಳದೆ ಕೊಯ್ಯಿಸೋಕೆ ನಿಂಗೆ ಹೇಗೆ ಮನಸ್ಸು ಬರುತ್ತೆ?"

"ಹೊಟ್ಟೇಲಿ ಏನಾದ್ರೂ ಇದ್ರೆ ಮತ್ತಿನ ಇಂಜೆಕ್ಷನ್ ಕೊಡೋ ಹಾಗಿಲ್ಲ," ಎಂದು ಡಾಕ್ಟರು ಗ್ಲೌಸು ಕಳಚಿದರು. ಗಂಡ ಮೀಸೆಯಡಿಯಲ್ಲೇ ನಕ್ಕ. ಆ ನಗು ನೋಡಿ ಅವಳ ಮೈಯೆಲ್ಲ ಉರಿದುಹೋಯಿತು.

"ಎರಡನೇ ಹೆರಿಗೆ ಆದ್ಮೇಲೆ ನಂಗೂ ಇದೇ ಆಪರೇಷನ್ ಮಾಡ್ಸಿದ್ರಲ್ಲ, ಆಗ ನನ್ನನ್ನ ಯಾರು ಕೇಳಿದ್ರು? ನಂಗೆ ಬಾಯಿ ಇತ್ತಲ್ಲ. ಆಪರೇಷನ್ ದಿನ ನಾನು ತೊಟ್ಟು ನೀರಿಲ್ಲದೆ ಬಿದ್ದಿದ್ರೆ, ನನ್ನ ಮಂಚದ ಮೇಲೇ ಕೂತು ಬುತ್ತಿ ಬಿಚ್ಚಿದ್ರಿ. ಸಾಲಲಿಲ್ಲ ಅಂತ ಗೊಣಗಿದ್ರಿ ಬೇರೆ."

ಅವಳು ಗಂಡನ ಮುಷ್ಟಿಯಿಂದ ಚೈನನ್ನು ಒಂದೊಂದೇ ಸುತ್ತು ಬಿಡಿಸಿಕೊಂಡಳು. "ನಾಳೆ ಕರ್ಕೊಂಡು ಬರ್ತೀನಿ ಡಾಕ್ಟ್ರೇ. ಇವತ್ತು ನಮ್ಮನೇಲಿ ಒಲೆ ಹಚ್ಚಲ್ಲ. ನಾಯಿಗೂ ಉಪವಾಸ, ಇವರಿಗೂ ಉಪವಾಸ."