ಅರವತ್ತಮೂರನೆಯ ಬಿಲ್ಲೆ

ಬಲೆಯಮ್ಮ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಮುಟ್ಟಲಿಲ್ಲ. ಉಗುರಗಲದ ಕೆಂಪು ಪ್ಲಾಸ್ಟಿಕ್, ಅಂಚಿಗೆಲ್ಲ ಪಾಚಿ. ಸಂಖ್ಯೆ ಅರವತ್ತಮೂರು. ಇವತ್ತು ಇವಳ ಬಣ್ಣ ಬಯಲು ಮಾಡಿಯೇ ತೀರಬೇಕೆಂದು ಅವನು ಬೆಳಿಗ್ಗೆಯೇ ತೀರ್ಮಾನಿಸಿದ್ದ.

"ಓದಿ ಸಾರ್," ಎಂದಳು.

ಮೀನಿನ ಬೆನ್ನಿಗೆ ಬಿಲ್ಲೆ ಚುಚ್ಚಿ ಸಮುದ್ರಕ್ಕೆ ಬಿಡುವುದು, ಅದು ಯಾರದೋ ಬಲೆಗೆ ಬಿದ್ದಾಗ ಬಿಲ್ಲೆ ತರಿಸಿಕೊಂಡು ಮೀನು ಎಷ್ಟು ಬೆಳೆಯಿತು, ಎಲ್ಲೆಲ್ಲಿಗೆ ಹೋಯಿತು ಎಂದು ತಿಳಿಯುವುದು ಆ ಕಚೇರಿಯ ಕೆಲಸ. ಮೀನು ಬಿಟ್ಟ ಜಾಗ, ಹೊತ್ತು, ಹವೆ ಎಲ್ಲವನ್ನೂ ದೋಣಿಯಿಂದ ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದರು. ಕಚೇರಿಯವರು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ಬಣ್ಣಕ್ಕೊಂದು ದೋಣಿ, ಬಣ್ಣಕ್ಕೊಂದು ಪುಸ್ತಕ. ಕೆಂಪು ಬಿಲ್ಲೆಗಳೆಲ್ಲ ಕಡಲೊಳಗಿನ ಒಂದು ದಿಬ್ಬದಲ್ಲಿ ಬಿಟ್ಟವು. ಮೀನುಗಳು ಮೊಟ್ಟೆಯಿಡುವ ಜಾಗ ಅದು, ಅಲ್ಲಿ ಬಲೆ ಹಾಕುವಂತಿಲ್ಲ. ನೂರು ಬಿಲ್ಲೆ ಎಂದು ಶುರುವಾದದ್ದು ಅರವತ್ತಮೂರಕ್ಕೇ ನಿಂತಿತೆಂದು ಪುಸ್ತಕದ ರಟ್ಟಿನ ಮೇಲೇ ಬರೆದಿತ್ತು. ಯಾಕೆ ನಿಂತಿತೆಂದು, ಎರಡು ವರ್ಷದ ಹಿಂದೆ ವರ್ಗವಾಗಿ ಬಂದ ಈ ಪುಣ್ಯಾತ್ಮ ಕೇಳಲೂ ಇಲ್ಲ.

ಯಾರನ್ನು ಕೇಳುವುದು? ಮೆಟ್ಟಿಲ ಕೆಳಗಿನ ಆ ಕೋಣೆಗೆ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಊಟದ ಡಬ್ಬಿಯನ್ನು ಒಬ್ಬನೇ ತೆರೆಯುತ್ತಿದ್ದ, ಒಬ್ಬನೇ ತೊಳೆಯುತ್ತಿದ್ದ. ಹೀಗಿರುವಾಗ ಹೋದ ವರ್ಷ ಒಂದು ದಿನ, ಬಂದರಿನಲ್ಲಿ ಬಲೆ ಹೆಣೆಯುವ ಈ ಮುದುಕಿ ಬಂದು ನಿಂತಿದ್ದಳು. "ಕೆಂಪು ಪುಸ್ತಕದ ಕೊನೇ ಸಾಲು ಓದಿ ಹೇಳ್ತೀರಾ ಸಾರ್?"

"ಅದೇನು ಕಥೆಪುಸ್ತಕಾನಾ ಅಮ್ಮ? ಬಿಲ್ಲೆ ತಂದವರಿಗೆ ಮಾತ್ರ ಓದೋದು. ಅದೂ ಆ ಬಿಲ್ಲೆದೊಂದೇ ಸಾಲು. ಕೊನೇದು ಅರವತ್ತಮೂರು. ತನ್ನಿ, ಓದ್ತೀನಿ."

ನಿಯಮ ಹೇಳಿ ಕೈತೊಳೆದುಕೊಂಡಿದ್ದ. ಮುಂದಿನ ಗುರುವಾರ ಅವಳು ಒಂದು ಕೆಂಪು ಬಿಲ್ಲೆ ತಂದಳು. ಆಮೇಲೆ ಇನ್ನೊಂದು, ಮತ್ತೊಂದು. ಬಿಲ್ಲೆ ತಂದವರಿಗೆ ಕೊಡುವ ಬಹುಮಾನದ ಟೋಪಿ ಬೇಡ. ಮೀನು ಎಲ್ಲಿ ಸಿಕ್ಕಿತು, ಎಷ್ಟು ತೂಗಿತು, ಅದೂ ಬೇಡ. ಬಿಟ್ಟದ್ದು ಎಲ್ಲಿ, ಎಷ್ಟು ಹೊತ್ತಿಗೆ, ಆಗ ಗಾಳಿ ಹೇಗಿತ್ತು, ಇಷ್ಟೇ ಅವಳ ಪ್ರಶ್ನೆ. ಒಮ್ಮೆ "ಬಿಸಿಲು ಜೋರು, ಹಸಿವು ಇನ್ನೂ ಜೋರು" ಎಂದು ಓದಿದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಅವನೂ ನಕ್ಕಿದ್ದ. ಅಂದಿನಿಂದ ಗುರುವಾರಗಳಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದ್ದ.

ನಿನ್ನೆ ದೋಣಿಯವನೊಬ್ಬ ಫೋನಿನಲ್ಲಿ ಬಾಯಿಬಿಟ್ಟ. "ಹಳದಿ, ನೀಲಿ ಕೊಟ್ರೆ ಬೇಡ ಅಂತಾಳೆ ಸಾರ್. ಒಂದು ಕೆಂಪು ಕೊಟ್ರೆ ಹರಿದ ಬಲೆ ಪೂರ್ತಿ ಬಿಟ್ಟಿ ಹೆಣೆದು ಕೊಡ್ತಾಳೆ. ಪಾಪ, ತಲೆ ಕೆಟ್ಟಿದೆ."

ಕೆಟ್ಟಿಲ್ಲ, ಚೆನ್ನಾಗೇ ಓಡುತ್ತಿದೆ ಅಂದುಕೊಂಡ ಅಧಿಕಾರಿ. ತಿಂಗಳಿಂದ ಯಾರೋ ದಿಬ್ಬದಲ್ಲಿ ಕದ್ದು ಬಲೆ ಹಾಕುತ್ತಿದ್ದರು, ಗಸ್ತಿನವರ ಕೈಗೆ ಸಿಕ್ಕಿರಲಿಲ್ಲ. ಜಾಗ, ಹೊತ್ತು, ಗಾಳಿ: ಕಳ್ಳರಿಗೆ ಇನ್ನೇನು ಬೇಕು? ವಾರವಾರವೂ ತಾನೇ ಓದಿ ಕೊಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಮೊಟ್ಟೆ ಹೊತ್ತ ಮೀನುಗಳನ್ನು ನೆನೆದು ಹೊಟ್ಟೆ ಉರಿಯಿತು. ನಿಜ ಹೇಳಬೇಕೆಂದರೆ, ಅವಳು ತನ್ನನ್ನು ಮಾತಾಡಿಸಲಿಕ್ಕೂ ಬರುತ್ತಾಳೆಂದು ನಂಬಿದ್ದನಲ್ಲ, ಅದಕ್ಕೇ ಹೆಚ್ಚು ಉರಿಯಿತು.

"ಇದನ್ನೆಲ್ಲ ಯಾರಿಗೋಸ್ಕರ ಕೇಳ್ತಿದ್ದೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಅವಳು. ನೆಟ್ಟಗೆ ನೋಡಿದಳು. "ನನಗೋಸ್ಕರ ಸಾರ್. ಇನ್ಯಾರಿದ್ದಾರೆ?"

"ನಾಟಕ ಸಾಕು. ದಿಬ್ಬದ ವಿಷಯ ಯಾರಿಗೆ ಹೋಗಿ ಹೇಳ್ತೀರಿ?"

"ಯಾರಿಗೂ ಇಲ್ಲ. ರಾತ್ರಿ ನಿದ್ದೆ ಬರದಾಗ ನಾನೇ ಹೇಳ್ಕೋತೀನಿ. ಇದೊಂದು ಓದಿಬಿಡಿ, ನಿಮಗೆ ಕೈ ಮುಗಿತೀನಿ. ಆಮೇಲೆ ನಾನು ಬರೋದೇ ಇಲ್ಲ."

ಕೆಲಸ ಮುಗಿಯಿತು, ಇನ್ನು ಬರುವುದಿಲ್ಲ! ಒಪ್ಪಿಕೊಂಡಂತೆಯೇ ಆಯಿತಲ್ಲ.

"ಓದಲ್ಲ. ಎದ್ದೇಳಿ. ಇನ್ನು ಈ ಹೊಸ್ತಿಲು ತುಳೀಬೇಡಿ."

ಅವಳು ಕಪಾಟಿನಲ್ಲಿದ್ದ ಕೆಂಪು ಪುಸ್ತಕವನ್ನು ಒಮ್ಮೆ ನೋಡಿದಳು. ಬಿಲ್ಲೆಯನ್ನು ಅಲ್ಲೇ ಬಿಟ್ಟು ಹೋದಳು. ಚಪ್ಪಲಿಯ ಸದ್ದು ಓಣಿಯ ಕೊನೆಯವರೆಗೂ ಕೇಳಿಸಿತು.

ಅಧಿಕಾರಿ ಗಸ್ತಿನ ಇನ್ಸ್‌ಪೆಕ್ಟರಿಗೆ ದೂರು ಬರೆಯಲು ಕೂತ. ಅವಳು ಕೇಳಿದ ಕೊನೆಯ ಜಾಗವನ್ನೂ ಸೇರಿಸೋಣವೆಂದು ಕೆಂಪು ಪುಸ್ತಕ ತೆಗೆದು, ಇದುವರೆಗೆ ತೆರೆಯದ ಕೊನೆಯ ಪುಟಕ್ಕೆ ಹೋದ. ಅರವತ್ತಮೂರರ ಕೆಳಗೆ ಯಾರೋ ಬೇರೆ ಶಾಯಿಯಲ್ಲಿ ಬರೆದಿದ್ದರು: "ಇದಾದ ಮೇಲೆ ದೋಣಿಯಿಂದ ಸುದ್ದಿಯಿಲ್ಲ. ಹತ್ತನೆಯ ದಿನ ಹುಡುಕಾಟ ನಿಲ್ಲಿಸಲಾಗಿದೆ." ಅವನು ಅದರ ಮೇಲಿನ ಸಾಲು ಓದಿದ.

"ಸಂಖ್ಯೆ ಅರವತ್ತಮೂರು. ಗಾಳಿ ಏರ್ತಾ ಇದೆ. ಇದೊಂದು ಬಿಟ್ಟು ಮನೆಗೆ ಹೊರಟೆ, ಅಮ್ಮ ಬಲೆ ಮುಂದಿಟ್ಕೊಂಡು ಬಾಗಿಲಲ್ಲೇ ಕೂತಿರ್ತಾಳೆ."